ಹುಳು ಹಣ್ಣಾಗುವ ವಾರ

ಮಗುವನ್ನು ಬಿಟ್ಟು ನಾವು ಜೀಪು ತಿರುಗಿಸುವಷ್ಟರಲ್ಲಿ ಅವಳು ಆ ಹೆಂಗಸನ್ನು ‘ಅಮ್ಮ’ ಎಂದು ಕರೆದಾಗಿತ್ತು. ಕರೆದದ್ದಷ್ಟೇ ಅಲ್ಲ, ಸೊಂಟ ತಬ್ಬಿಕೊಂಡು ನಿಂತು ನಮಗೆ ಟಾಟಾ ಮಾಡಿದಳು. ನಮ್ಮ ಡ್ರೈವರಿಗೆ ಕಣ್ಣು ತುಂಬಿ ಬಂತು. “ಋಣಾನುಬಂಧ ಅಂದ್ರೆ ಇದೇ ನೋಡಿ ಮೇಡಂ,” ಎಂದ. ಆ ಮನೆಯ ಅಜ್ಜಿ ಜಗುಲಿಯ ಮೇಲೆ ಕೂತಲ್ಲೇ ನೆಟಿಗೆ ಮುರಿದು ದೃಷ್ಟಿ ತೆಗೆದರು. ನಾನೂ ನಕ್ಕು ಕೈ ಬೀಸಿದೆ. ಆದರೆ ಕೂಟಗಲ್ ದಾಟಿ ರಾಮನಗರ ಸೇರುವವರೆಗೂ ಅವಳ ಫೈಲನ್ನು ಮತ್ತೆ ಮತ್ತೆ ತಿರುವಿದೆ.

ನಮ್ಮ ಕೆಲಸದಲ್ಲಿ ಅಳುವ ಮಗು ಸುಲಭದ ಮಗು. ಬಿಟ್ಟು ಬರುವಾಗ ಕಾಲು ಹಿಡಿದುಕೊಂಡು ಅರಚುವ ಮಗುವನ್ನು ಕಂಡರೆ ನೋಡುವವರಿಗೆ ಕರುಳು ಕಿತ್ತು ಬರುತ್ತದೆ, ನಮಗೆ ಒಳಗೊಳಗೇ ಸಮಾಧಾನ. ಈ ಮಗುವಿಗೆ ಹಚ್ಚಿಕೊಳ್ಳುವುದು ಗೊತ್ತಿದೆ, ಇವತ್ತು ಅವರನ್ನು ಹಚ್ಚಿಕೊಂಡದ್ದು ನಾಳೆ ಇವರನ್ನೂ ಹಚ್ಚಿಕೊಳ್ಳುತ್ತದೆ. ಏಳು ವರ್ಷದ ಹುಡುಗಿ, ನೋಡಿ ಕೆಲವೇ ವಾರವಾದ ಹೆಂಗಸನ್ನು ಅಮ್ಮ ಎಂದು ತಬ್ಬಿ, ಇಷ್ಟು ದಿನ ಬೆಳೆಸಿದವರಿಗೆ ನಗುನಗುತ್ತಾ ಟಾಟಾ ಮಾಡಿದಳೆಂದರೆ ಅಲ್ಲಿ ಇರಬೇಕಾದದ್ದು ಏನೋ ಇಲ್ಲ.

ನನ್ನ ಕೆಲಸ, ಮಕ್ಕಳ ಮನೆಗಳಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ ಸಾಕು ಕುಟುಂಬ ಹುಡುಕಿಕೊಡುವುದು. ದತ್ತು ಬೇರೆ, ಇದು ಬೇರೆ. ದತ್ತು ಕೊಟ್ಟರೆ ಮಗು ಪೂರ್ತಿ ಅವರದು. ಇಲ್ಲಿ ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇಲೆ ಸದ್ಯಕ್ಕೊಂದು ವರ್ಷವೆಂದು ಮಗುವನ್ನು ಕಳಿಸುತ್ತೇವೆ, ಹೊಂದಿಕೊಂಡರೆ ಮುಂದುವರಿಸುತ್ತೇವೆ. ಗಂಡ ಹೆಂಡತಿ ಇಬ್ಬರ ಒಪ್ಪಿಗೆಯೂ ಇರಬೇಕು. ಒಬ್ಬರು ಒಲ್ಲೆ ಎಂದರೂ ಮಗು ವಾಪಸ್.

ಈ ಹುಡುಗಿ ಹಾರೋಹಳ್ಳಿ ಕಡೆ ಕಾರ್ಖಾನೆ ಕೂಲಿಯವರ ಶೆಡ್ಡುಗಳ ಹತ್ತಿರ ಸಿಕ್ಕವಳು. ಆಗ ಅವಳಿಗೆ ನೆಟ್ಟಗೆ ಮಾತೂ ಬರುತ್ತಿರಲಿಲ್ಲ. ಅಲ್ಲಿಂದ ಒಂದು ಶಿಶುಗೃಹ, ಅಲ್ಲಿಂದ ಇನ್ನೊಂದು, ಅದು ಮುಚ್ಚಿದ ಮೇಲೆ ಈ ಮಕ್ಕಳ ಮನೆ. ಇಲ್ಲಿ ನೋಡಿಕೊಳ್ಳುವ ಹೆಂಗಸರನ್ನೆಲ್ಲ ಮಕ್ಕಳು ಅಮ್ಮ ಎಂದೇ ಕರೆಯುವುದು ರೂಢಿ. ಬೆಳಗಿನ ಪಾಳಿಯ ಅಮ್ಮ ಹಲ್ಲುಜ್ಜಿಸಿ ತಲೆ ಬಾಚಿದರೆ, ಮಧ್ಯಾಹ್ನದ ಅಮ್ಮ ಊಟ ಹಾಕುತ್ತಾರೆ, ರಾತ್ರಿಯ ಅಮ್ಮ ದೀಪ ಆರಿಸುತ್ತಾರೆ. ಅಕ್ಕರೆಯಿಂದಲೇ ಬಂದ ರೂಢಿ ಅದು, ಅವರನ್ನು ದೂರುವಂತಿಲ್ಲ. ಆದರೆ ಈ ಹುಡುಗಿಯ ಲೆಕ್ಕದಲ್ಲಿ ಅಮ್ಮ ಎಂದರೆ ಪಾಳಿ ಮುಗಿದೊಡನೆ ಚೀಲ ತಗುಲಿಸಿಕೊಂಡು ಹೊರಡುವವರು.

ಮನೆ ಸಿಕ್ಕಿದ್ದು ಕೂಟಗಲ್ ಪಕ್ಕದ ಹಳ್ಳಿಯಲ್ಲಿ. ನಲವತ್ತು ದಾಟಿದ ದಂಪತಿ, ಮಕ್ಕಳಿಲ್ಲ. ಗಂಡನ ತಾಯಿ ಜೊತೆಗಿದ್ದಾರೆ, ಅವರೇ ಆ ಅಜ್ಜಿ. ರೇಷ್ಮೆ ಹುಳು ಸಾಕುವ ಮನೆ. ಮನೆ ನೋಡಲು ಮೊದಲ ಸಲ ಹೋದಾಗ ಆ ಮನೆಯ ಯಜಮಾನರು ನನಗೆ ಕಾಫಿ ಕೊಟ್ಟರು, ಅಡುಗೆಮನೆ ತೋರಿಸಿದರು, ಹುಳು ಮನೆಯೊಳಗೆ ಮಾತ್ರ ಬಿಡಲಿಲ್ಲ. ಕೈ ತೊಳೆಸಿ, ಸುಣ್ಣದ ಪುಡಿಯಲ್ಲಿ ಕಾಲು ಅದ್ದಿಸಿ, ಬಾಗಿಲಲ್ಲೇ ನಿಲ್ಲಿಸಿ ಬಗ್ಗಿ ನೋಡಿ ಎಂದರು. ಒಳಗೆ ಸಾಲು ಸಾಲು ಸ್ಟ್ಯಾಂಡು, ಅವುಗಳ ತಟ್ಟೆಗಳಲ್ಲಿ ಸೊಪ್ಪು ಮೇಯುವ ಹುಳು. ಇರುವೆ ಹತ್ತದಂತೆ ಪ್ರತಿ ಸ್ಟ್ಯಾಂಡಿನ ಕಾಲಿಗೂ ಒಂದೊಂದು ನೀರಿನ ಬಟ್ಟಲು. “ಹೊರಗಿನೋರ ಗಾಳಿ ತಾಕಬಾರ್ದು ಮೇಡಂ, ಬಲೇ ಸೂಕ್ಷ್ಮ,” ಎಂದರು. ಮದುವೆ ಮನೆಯಲ್ಲೂ ಇಷ್ಟು ಮಡಿ ಕಂಡವಳಲ್ಲ ನಾನು. ಹುಳುವನ್ನೇ ಹೀಗೆ ನೋಡಿಕೊಳ್ಳುವವರು ಮಗುವನ್ನು ಹೇಗೆ ನೋಡಿಕೊಳ್ಳಬಹುದು ಎಂದುಕೊಂಡು ಖುಷಿಯಾಗಿಯೇ ಬಂದೆ.

ಮಗುವನ್ನು ಬಿಟ್ಟು ಬಂದ ಮರುದಿನ ಸಾಕುತಾಯಿ ಫೋನು ಮಾಡಿ ನಗುತ್ತಾ ಹೇಳಿದರು. “ನೆನ್ನೆ ಸಾಯಂಕಾಲ ಏನ್ ಕೇಳ್ತು ಗೊತ್ತಾ ಮೇಡಂ? ‘ಅಮ್ಮ, ನಿಮ್ ಡ್ಯೂಟಿ ಎಷ್ಟು ಗಂಟೆಗೆ ಮುಗಿಯುತ್ತೆ?’ ಅಂತು. ನಂಗ್ಯಾವ ಡ್ಯೂಟಿ ಮಗಾ, ನಾನು ಇಲ್ಲೇ ಇರ್ತೀನಿ ಅಂದೆ. ನಂಬ್ನಿಲ್ಲ ಅದು. ನಿದ್ದೆ ಬರೋಗಂಟ ಬಾಗ್ಲು ಕಡೇನೇ ನೋಡ್ತಿತ್ತು, ಇನ್ನೊಬ್ರು ಯಾರೋ ಬತ್ತಾರೆ ಅಂತ.” ನಾನು ನಗಲಿಲ್ಲ. ದಿನಾ ಕೇಳಿದರೂ ದಿನಾ ಅದೇ ಉತ್ತರ ಕೊಡಿ ಎಂದಷ್ಟೇ ಹೇಳಿದೆ.

ಮೊದಲ ಪೆಟ್ಟು ಬಿದ್ದದ್ದು ಚನ್ನಪಟ್ಟಣದ ಪಕ್ಕದ ದೊಡ್ಡಮಳೂರಿನ ದೇವಸ್ಥಾನದಲ್ಲಿ. ಅಲ್ಲಿನ ಅಂಬೆಗಾಲು ಕೃಷ್ಣನಿಗೆ ಮಕ್ಕಳಾಗಲೆಂದು ತೊಟ್ಟಿಲ ಹರಕೆ ಹೊರುತ್ತಾರೆ. ಸಾಕುತಾಯಿ ಮದುವೆಯಾದ ಹೊಸದರಲ್ಲಿ ಹೊತ್ತ ಹರಕೆ ಹಾಗೇ ಉಳಿದಿತ್ತು. ಈಗ ಮಗು ಮನೆಗೆ ಬಂತಲ್ಲ, ತೀರಿಸಿಬಿಡೋಣ ಎಂದು ಪುಟ್ಟದೊಂದು ಮರದ ತೊಟ್ಟಿಲು ತಂದಿದ್ದರು. ನಾನು ಚನ್ನಪಟ್ಟಣದವಳೇ ಆದ್ದರಿಂದ ನನ್ನನ್ನೂ ಕರೆದಿದ್ದರು. ಮಂಗಳಾರತಿ ತೆಗೆದುಕೊಂಡು ತಿರುಗಿದರೆ ಮಗು ಇಲ್ಲ. ಪ್ರಾಕಾರ ಸುತ್ತಿದೆವು, ಹೊರಗಿನ ಅಂಗಡಿಗಳನ್ನೆಲ್ಲ ನೋಡಿದೆವು. ಯಜಮಾನರು ಚಪ್ಪಲಿಯಿಲ್ಲದ ಕಾಲಲ್ಲೇ ಹೆದ್ದಾರಿಯ ಕಡೆಗೆ ಓಡಿದರು. ಕೊನೆಗೆ ಸಿಕ್ಕಿದ್ದು ಬೆಂಗಳೂರಿನವರ ಕಾರಿನ ಹಿಂದಿನ ಸೀಟಿನಲ್ಲಿ. ಯಾರೋ ಹೆಂಗಸಿನ ತೊಡೆಯ ಮೇಲೆ ಕೂತು ಪುಳಿಯೋಗರೆ ತಿನ್ನುತ್ತಾ, “ಅಮ್ಮ, ಕಾರು ಯಾವಾಗ ಹೊರಡುತ್ತೆ?” ಎಂದು ಕೇಳುತ್ತಿದ್ದಳು.

“ಎಷ್ಟು ಚೂಟಿ ರೀ ನಿಮ್ಮ ಮಗಳು! ಹೊಸಬರು ಅಂತ ಒಂಚೂರೂ ಸಂಕೋಚ ಇಲ್ಲ,” ಎಂದು ಆ ಹೆಂಗಸು ಮೆಚ್ಚಿಕೊಂಡರು.

ಸಾಕುತಾಯಿ ಮಗುವನ್ನು ಕಾರಿನಿಂದ ಇಳಿಸಿಕೊಂಡರು. ವಾಪಸ್ ಬರುವಾಗ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದರು. “ನಾನು ಕರೆದಾಗ ತಿರುಗಿ ನೋಡಿ ನಗ್ತು ಮೇಡಂ. ಆಯಮ್ಮನ್ನ ನೋಡಿ ನಗ್ತಿತ್ತಲ್ಲ, ಅದೇ ನಗ. ಒಂದು ಗುಂಜಿ ಎಚ್ಚಿಲ್ಲ, ಕಮ್ಮಿ ಇಲ್ಲ.” ಅವರಿಗೆ ಓದು ಬರಹ ಅಷ್ಟಕ್ಕಷ್ಟೆ. ಆದರೆ ಮಗುವಿನ ತೊಂದರೆ ಏನೆಂದು ಅದಕ್ಕಿಂತ ನೇರವಾಗಿ ಹೇಳುವುದು ನನ್ನಿಂದಲೂ ಆಗುತ್ತಿರಲಿಲ್ಲ.

ಎರಡನೇ ಪೆಟ್ಟು ಇರುವೆಯಿಂದ ಬಂತು. ಈ ಕಡೆ ಹುಳು ಪೊರೆ ಬಿಡುವುದಕ್ಕೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಹುಳುವಿಗೆ ಬಕಾಸುರನ ಹಸಿವು. ಹಗಲೂ ಇರುಳೂ ಸೊಪ್ಪು ಹಾಕಬೇಕು. ಆಮೇಲೆ ಹುಳು ಹಣ್ಣಾಗುತ್ತದೆ, ಅಂದರೆ ಮೇವು ಬಿಟ್ಟು ಗೂಡು ಕಟ್ಟಲು ಸಿದ್ಧವಾಗುತ್ತದೆ. ಆಗ ಒಂದೊಂದನ್ನೇ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟಿಗೆ ಬಿಡಬೇಕು. ಆ ವಾರ ಮನೆಯವರಿಗೆ ಊಟ ನಿದ್ದೆಯ ಪರಿವೆ ಇರುವುದಿಲ್ಲ. ಅಂಥ ವಾರದಲ್ಲಿ ಒಂದು ಬೆಳಿಗ್ಗೆ ನೋಡಿದರೆ ಸೂರಿನ ಹಗ್ಗದ ಮೇಲಿಂದ ಇರುವೆ ಸಾಲು ಇಳಿದು ಸ್ಟ್ಯಾಂಡಿನ ತಟ್ಟೆಗಳಲ್ಲೆಲ್ಲ ತುಂಬಿಕೊಂಡಿತ್ತು. ಹುಳು ಸತ್ತು ಬಿದ್ದಿದ್ದವು. ಮೇಲಿನ ತಟ್ಟೆಯ ಕಾಗದದ ಕೆಳಗೆ ಬೆಲ್ಲದ ಚೂರು, ಮೆತ್ತಗಾದ ಬಿಸ್ಕತ್ತು, ಅರ್ಧ ಕಡಿದ ಬಾಳೆಹಣ್ಣು.

ಹಲವು ಕೈ ದಾಟಿ ಬಂದ ಮಕ್ಕಳು ತಿಂಡಿ ಬಚ್ಚಿಡುವುದು ನಮಗೆ ಹೊಸದಲ್ಲ. ಸಾಮಾನ್ಯವಾಗಿ ದಿಂಬಿನ ಕೆಳಗೆ ಸಿಗುತ್ತದೆ. ನಾನು ಅವತ್ತೇ ಹೋದೆ. ಯಜಮಾನರು ಬಾಗಿಲ ಹೊರಗೆ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಅಷ್ಟಾದರೂ ಮಗುವಿಗೆ ಒಂದು ಏಟು ಹಾಕಿರಲಿಲ್ಲ. ನಾನು ಮಗುವನ್ನು ಪಕ್ಕ ಕೂರಿಸಿಕೊಂಡು, ಅಲ್ಲೇ ಯಾಕೆ ಇಟ್ಟೆ ಪುಟ್ಟಾ ಎಂದು ಕೇಳಿದೆ.

“ಅಲ್ಲಿಟ್ರೆ ಯಾರೂ ತಗೊಳ್ಳಲ್ಲ,” ಎಂದಳು. “ಕಾಲು ತೊಳ್ಕೊಂಡೇ ಹೋಗ್ಬೇಕು. ಸುತ್ತ ನೀರಿಟ್ಟಿದಾರೆ.”

ಯಜಮಾನರಿಗೆ ಅದು ಕೇಳಿಸಿತು. “ನಮ್ಮನೇಲಿ ಯಾವ್ದು ಬೆಲೆ ಬಾಳದು ಅಂತ ಸರಿಯಾಗಿ ತಿಳ್ಕಂಡೈತೆ,” ಎಂದರು. ನಗುತ್ತಿದ್ದರೋ ಅಳುತ್ತಿದ್ದರೋ ಹೇಳುವುದು ಕಷ್ಟ. ಆಮೇಲೆ ಎದ್ದು, ಇವತ್ತಿನಿಂದ ಮಗು ಹುಳು ಮನೆಗೆ ಕಾಲಿಡಕೂಡದು ಎಂದು ಕಟ್ಟಪ್ಪಣೆ ಮಾಡಿದರು.

ನಾನು ಬೆಂಗಳೂರಿನ ಮಕ್ಕಳ ಮನೋವೈದ್ಯೆಯ ಹತ್ತಿರ ತಾಯಿ ಮಗು ಇಬ್ಬರನ್ನೂ ಕರೆದುಕೊಂಡು ಹೋದೆ. ಅವರು ಬಹಳ ಹೊತ್ತು ಮಗುವಿನ ಜೊತೆ ಆಟ ಆಡಿದರು. ಆಮೇಲೆ ಹೇಳಿದರು: ಈ ಮಗುವಿಗೆ ಎಲ್ಲರೂ ಒಂದೇ. ಒಬ್ಬರು ತನ್ನವರು, ಮಿಕ್ಕವರು ಹೊರಗಿನವರು ಅನ್ನುವ ಗೆರೆಯೇ ಅದರ ಮನಸ್ಸಿನಲ್ಲಿ ಬಿದ್ದಿಲ್ಲ. ಅದನ್ನು ಈಗ ಎಳೆಯಬೇಕು. ಊಟ, ಸ್ನಾನ, ತಲೆ ಬಾಚುವುದು, ಬಿದ್ದರೆ ಎತ್ತುವುದು, ಮಲಗಿಸುವುದು, ಎಲ್ಲ ಒಬ್ಬರ ಕೈಯಿಂದಲೇ ಆಗಬೇಕು. ಬೇರೆ ಯಾರ ಹತ್ತಿರ ಹೋದರೂ ಅವರು ಪ್ರೀತಿಯಿಂದಲೇ ‘ನಿಮ್ಮವ್ವನ್ನ ಕೇಳು’ ಎಂದು ವಾಪಸ್ ಕಳಿಸಬೇಕು. ತಿಂಗಳುಗಟ್ಟಲೆ. “ಒಂದು ಮಾತು,” ಎಂದರು ಕೊನೆಗೆ. “ಹಚ್ಚಿಕೊಳ್ಳಲು ಶುರುಮಾಡಿದ ಮೇಲೆ ಮಗು ಕೆಟ್ಟದಾಗಿ ಆಡುತ್ತೆ. ಆಗ ಮಾತ್ರ ಕೈ ಬಿಡಬೇಡಿ. ಆಗ ಬಿಟ್ಟರೆ ಅದು ಇನ್ನೊಂದು ಸಲ ಧೈರ್ಯ ಮಾಡೋದು ಕಷ್ಟ.”

ಯಜಮಾನರನ್ನು ಹೇಗೆ ಒಪ್ಪಿಸುವುದೋ ಎಂದು ಹೆದರಿದ್ದೆ. ಅವರು ಸೇದುತ್ತಿದ್ದ ಬೀಡಿ ಹೊಸಕಿ, “ಈ ಸಲ ಹುಳ ಕಟ್ಟಲ್ಲ ಬುಡಿ. ಸೊಪ್ಪು ಮಾರ್ಕತೀನಿ. ಅವ್ಳು ಮಗೀಗೇ ಇರ್ಲಿ,” ಎಂದರು. ಆ ಊರಿನಲ್ಲಿ ತೋಟದ ತುಂಬ ಸೊಪ್ಪು ಇಟ್ಟುಕೊಂಡು ಬೆಳೆ ಬಿಡುವುದು ಸಣ್ಣ ಮಾತಲ್ಲ. ಮುಂದೆ ನಡೆದದ್ದನ್ನು ಓದುವವರು ಅವರ ಈ ಮಾತನ್ನು ಮರೆಯಬಾರದು.

ನಿಜವಾದ ಕಷ್ಟ ಬಂದದ್ದು ಊರಿನವರಿಂದ. ಹಳ್ಳಿಯಲ್ಲಿ ಮಗು ಯಾರ ಮನೆ ಮುಂದೆ ಹೋದರೂ ಕೈಗೆ ಏನಾದರೂ ಇಟ್ಟೇ ಕಳಿಸುತ್ತಾರೆ. ಅದು ಅಲ್ಲಿಯ ಮರ್ಯಾದೆ. ನಾನು ಮನೆ ಮನೆಗೆ ಹೋಗಿ, ದಯವಿಟ್ಟು ಈ ಮಗುವಿಗೆ ಏನೂ ಕೊಡಬೇಡಿ, ಎತ್ತಿಕೊಳ್ಳಬೇಡಿ ಎಂದು ಕೈ ಮುಗಿದೆ. ಎದುರು ಮನೆಯಾಕೆ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತರು.

“ಮಗ ಯಾವ್ ಜಾತೀದೋ ಏನೋ ಅಂತ ನಾವು ಒಂದಿನಾನೂ ಕೇಳ್ನಿಲ್ಲ. ಈಗ ನೀವೇ ಬಂದು ಮುಟ್ಬ್ಯಾಡಿ ಅಂತೀರಲ್ಲ, ನಮ್ ಕೈ ಮೈಲ್ಗೆನಾ?”

“ಅದಲ್ಲಮ್ಮ. ಮಗು ಯಾರು ಕರೆದರೂ ಹೋಗಿಬಿಡುತ್ತೆ. ಅದು ಅವರವ್ವನ್ನೇ ಹುಡುಕೋ ಹಂಗಾಗ್ಬೇಕು.”

“ಮಕ್ಕಳ್ನ ಎಲ್ರೂ ಮುದ್ದು ಮಾಡಿದ್ರೆ ಕೆಟ್ಟೋಯ್ತವೆ ಅಂತ ಯಾವ್ ಪುಸ್ತಕದಲ್ಲಿ ಬರ್ದವ್ರೆ?” ಎಂದು ಮುಖ ತಿರುಗಿಸಿದರು. ಅವರು ಹೇಳಿದ್ದರಲ್ಲಿ ತಪ್ಪೇನು? ಹುಟ್ಟಿದಾಗಿನಿಂದ ಒಬ್ಬ ಅವ್ವ ಇರುವ ಮಗುವಿಗೆ ಊರೆಲ್ಲ ಮುದ್ದು ಮಾಡಿದರೆ ಅದಕ್ಕಿಂತ ಭಾಗ್ಯ ಇನ್ನೇನಿದೆ! ಹೆಚ್ಚು ಒದ್ದಾಡಿದವರು ಅಜ್ಜಿ. ಮೊಮ್ಮಗಳ ಕೈಗೆ ಒಂದು ಹಿಡಿ ಕಡಲೆಪುರಿ ಕೊಡುವಂತಿಲ್ಲ. “ಈ ವಯಸ್ನಾಗೆ ನಂಗೆ ಇಂಥಾ ವ್ರತ ಕೊಟ್ರಲ್ಲ ತಾಯಿ,” ಎಂದು ನನ್ನನ್ನು ಬೈದುಕೊಂಡೇ ಪಾಲಿಸಿದರು.

ದಿನಾ ಬೆಳಿಗ್ಗೆ ಸಾಕುತಾಯಿ ಹೊಸ್ತಿಲ ಮೇಲೆ ಕೂತು ಮಗುವನ್ನು ಕಾಲ ಮಧ್ಯೆ ಕೂರಿಸಿಕೊಂಡು ತಲೆ ಬಾಚುತ್ತಿದ್ದರು. ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಎರಡು ಜಡೆ. ಮೊದಮೊದಲು ಮಗು ಯಾರಿಗೋ ತಲೆ ಕೊಟ್ಟಂತೆ ಕೂತಿರುತ್ತಿತ್ತು. ನೋವಾದರೂ ಅಯ್ಯೋ ಅನ್ನುತ್ತಿರಲಿಲ್ಲ. ಎಷ್ಟೋ ದಿನವಾದ ಮೇಲೆ ಒಂದು ಬೆಳಿಗ್ಗೆ “ನೋಯ್ತದೆ, ಮೆತ್ತಗೆ!” ಎಂದು ಕೈ ತಳ್ಳಿತಂತೆ. ಸಾಕುತಾಯಿ ಅದನ್ನು ದೂರಿನಂತೆ ಹೇಳಿದರು. ನಾನು ಅದನ್ನು ಹಬ್ಬದ ಸುದ್ದಿಯಂತೆ ಕೇಳಿಸಿಕೊಂಡೆ. ಡ್ಯೂಟಿ ಯಾವಾಗ ಮುಗಿಯುತ್ತೆ ಅನ್ನುವ ಪ್ರಶ್ನೆ ಯಾವಾಗ ನಿಂತಿತೋ ಯಾರೂ ಗಮನಿಸಿರಲಿಲ್ಲ.

ಆಮೇಲೆ ವೈದ್ಯೆ ಹೇಳಿದ ಕೆಟ್ಟ ಕಾಲ ಶುರುವಾಯಿತು. ನಾನು ಮಾಗಡಿಯಲ್ಲಿ ಒಂದು ಮೀಟಿಂಗಿನಲ್ಲಿದ್ದೆ. ಸಾಕುತಾಯಿ ಅಳುತ್ತಾ ಫೋನು ಮಾಡಿದರು. ಹೇಳದೆ ಡೇರಿಗೆ ಹಾಲು ಹಾಕಲು ಹೋಗಿ ಬಂದರೆ ಮಗು ಬಾಗಿಲಲ್ಲೇ ನಿಂತಿತ್ತಂತೆ. ಕ್ಯಾನು ಕಿತ್ತು ಎಸೆದು, ತೋಳು ಕಚ್ಚಿ, “ಎಲ್ಲಿಗೋಗಿದ್ದೆ ಅವ್ವಾ!” ಎಂದು ಊರು ಕೇಳುವಂತೆ ಕಿರುಚಿತಂತೆ.

“ಏನಂತು? ಇನ್ನೊಂದ್ಸಲ ಹೇಳಿ,” ಎಂದೆ.

“ಎಲ್ಲಿಗೋಗಿದ್ದೆ ಅವ್ವಾ ಅಂತು.”

ಅದುವರೆಗೆ ಅವಳು ಅವರನ್ನು ಕರೆಯುತ್ತಿದ್ದದ್ದು ಅಮ್ಮ ಎಂದು, ಮಕ್ಕಳ ಮನೆಯ ಎಲ್ಲರನ್ನೂ ಕರೆಯುತ್ತಿದ್ದ ಹಾಗೆ. ಅವ್ವ ಅನ್ನುವ ಮಾತು ಆ ಮನೆಯದು, ಆ ಒಬ್ಬರದು. ನನಗೆ ನಗು ತಡೆಯಲಾಗಲಿಲ್ಲ. “ಕೈ ಕಚ್ಚಿ ರಕ್ತ ಬಂದೈತೆ, ನೀವು ನಗ್ತೀರಲ್ಲ ಮೇಡಂ!” ಎಂದು ಅವರು ರೇಗಿದರು. ನಿಮ್ಮನ್ನು ಮಾತ್ರ ಕಚ್ಚುತ್ತದಲ್ಲ, ಅಂದರೆ ನಿಮ್ಮನ್ನು ಕಳೆದುಕೊಳ್ಳುವ ಭಯ ಹುಟ್ಟಿದೆ, ಇದು ಒಳ್ಳೆಯ ಸೂಚನೆ ಎಂದು ವಿವರಿಸಿದೆ. “ನಿಮ್ ಒಳ್ಳೇದು ಇಂಗಿರ್ತದಾ?” ಎಂದರು. ಆದರೂ ತೋಳಿಗೆ ಅರಿಶಿನ ಮೆತ್ತಿಕೊಂಡು ಸಹಿಸಿದರು.

ಅಷ್ಟರಲ್ಲಿ ಮುಂದಿನ ಬೆಳೆಯ ಕಾಲ ಬಂತು. ಇನ್ನೊಂದು ಬೆಳೆ ಬಿಡಿ ಎನ್ನುವ ಬಾಯಿ ನನಗಿರಲಿಲ್ಲ. ಹುಳು ತಂದರು. ಮೊದಲ ಜ್ವರಗಳು ಹೇಗೋ ಕಳೆದವು. ನಾಲ್ಕನೇ ಜ್ವರ ಎದ್ದ ದಿನದಿಂದ ಸಾಕುತಾಯಿ ಹುಳು ಮನೆಯೊಳಗೇ ಇರಬೇಕಾಯಿತು, ಮಗು ಹೊರಗೆ. ಮಗು ಆ ಬಾಗಿಲಿಗೆ ತಲೆ ಚಚ್ಚಿಕೊಂಡು ಅವ್ವಾ ಅವ್ವಾ ಎಂದು ಅರಚುತ್ತಿತ್ತು. ಅಜ್ಜಿ ಕರೆದರೆ ಇಲ್ಲ, ಎದುರು ಮನೆಯಾಕೆ ಮುನಿಸು ಬಿಟ್ಟು ಬಂದು ಕರೆದರೂ ಇಲ್ಲ. ತಾಯಿ ಹೊರಗೆ ಬಂದು ಸಮಾಧಾನ ಮಾಡಿ ಮತ್ತೆ ಕೈಕಾಲು ತೊಳೆದು ಒಳಗೆ ಹೋಗುವಷ್ಟರಲ್ಲಿ ಮತ್ತೆ ಶುರು. ಒಮ್ಮೆ ಬಾಗಿಲು ತೆರೆದ ಕ್ಷಣದಲ್ಲಿ ನುಗ್ಗಿ ಒಂದು ತಟ್ಟೆ ಕೆಡವಿತು.

ಯಜಮಾನರು ನನ್ನನ್ನು ಕರೆಸಿ ಜಗುಲಿಯ ಮೇಲೆ ಕೂರಿಸಿದರು. ಸಿಟ್ಟಿರಲಿಲ್ಲ, ದಣಿದಿದ್ದರು.

“ನಮ್ ಕಡೆ ಹುಳ ಹಣ್ಣಾಗೋ ವಾರ ಸಣ್ ಮಕ್ಕಳ್ನ ಅಜ್ಜಿ ಮನೆಗೆ ಬುಡದು ಮೇಡಂ. ನಾನೂ ಅಂಗೇ ಬೆಳ್ದೋನು. ಇದನ್ನೂ ಒಂದ್ ವಾರ ಆ ಮಕ್ಕಳ ಮನೇಲಿ ಬುಟ್ಟಿರಿ. ಅದಕ್ಕೆ ಅದೇ ಅಜ್ಜಿ ಮನೆ ಇದ್ದಂಗಲ್ವಾ? ಗೂಡು ಬಿಡಿಸ್ತಿದ್ದಂಗೇ ನಾನೇ ಬಂದು ಕರ್ಕೊಂಡ್ ಬತ್ತೀನಿ.”

ಅವರಿಗೆ ಅದು ಅಷ್ಟು ಸಹಜ. ಅವರ ಊರಿನ ಮಕ್ಕಳೆಲ್ಲ ಚೀಲ ಹಿಡಿದು ಅಜ್ಜಿ ಮನೆಗೆ ಕುಣಿಯುತ್ತಾ ಹೋಗುತ್ತವೆ, ಕುಣಿಯುತ್ತಾ ಬರುತ್ತವೆ. ಈ ಮಗುವಿನ ಬಾಳಿನಲ್ಲಿ ಚೀಲ ಕಟ್ಟಿದ ಮೇಲೆ ಯಾರೂ ವಾಪಸ್ ಕರೆದುಕೊಂಡು ಬಂದದ್ದಿಲ್ಲ. ನಾನು ಆಗುವುದಿಲ್ಲ ಎಂದೆ. ವೈದ್ಯೆಗೆ ಅಲ್ಲಿಂದಲೇ ಫೋನು ಮಾಡಿದೆ, ಅವರೂ ಬೇಡವೇ ಬೇಡ ಎಂದರು. ಸಮಿತಿಯ ಹಿರಿಯರೊಬ್ಬರು ಮಾತ್ರ, “ಒಂದು ವಾರ ತಾನೇ, ಅಷ್ಟು ಯಾಕೆ ಹಟ ಮಾಡ್ತೀರಿ?” ಎಂದರು.

ಹಟ ಮಾಡಿದ ಮೇಲೆ ದಾರಿಯನ್ನೂ ನಾನೇ ತೋರಿಸಬೇಕಲ್ಲ. ತಾಯಿ ಮಗು ಇಬ್ಬರೂ ತಾಯಿಯ ತವರಿಗೆ ಹೋಗಿರಲಿ ಎಂದೆ. ಆಗ ಹುಳು ಆರಿಸುವವರು ಯಾರು? ಕೂಲಿಯವರನ್ನು ಕರೆಸೋಣ ಎಂದೆ. ಆ ವಾರ ಸುತ್ತಲಿನ ಎಲ್ಲ ಮನೆಯಲ್ಲೂ ಹುಳು ಹಣ್ಣಾಗುತ್ತಿತ್ತು, ಒಬ್ಬರೂ ಸಿಗಲಿಲ್ಲ. ಕೊನೆಗೆ ನಾನೇ ರಜೆ ಹಾಕಿ ಬಂದು ಮಗುವಿನ ಜೊತೆ ಕೂತೆ. ಬಣ್ಣದ ಬುಗುರಿ ತಂದಿದ್ದೆ, ಕತೆ ಹೇಳಿದೆ, ಎತ್ತಿಕೊಳ್ಳಲು ಹೋದೆ. ಮಗು ನನ್ನ ಕೈ ತಳ್ಳಿ ಬಾಗಿಲ ಹತ್ತಿರವೇ ಬಿದ್ದುಕೊಂಡು ಅತ್ತಿತು. ಕೆಲವು ತಿಂಗಳ ಹಿಂದೆ ದಾರಿಹೋಕರ ಕಾರು ಹತ್ತಿ ಕೂತಿದ್ದ ಮಗು ಇದೇನಾ ಎಂದು ನೋಡುತ್ತಾ ಕೂತೆ.

ಯಜಮಾನರು ಬಂದು ಎದುರು ನಿಂತರು. “ಮೊದ್ಲು ಯಾರತ್ರ ಬೇಕಾದ್ರೂ ಇರ್ತಿತ್ತು ಮೇಡಂ. ಯಾರ್ ಮನೇಲಿ ಬುಟ್ರೂ ಆಡ್ಕೊಂಡಿರ್ತಿತ್ತು. ನೀವೇ ಅಲ್ವಾ ಇಂಗ್ ಮಾಡಿದ್ದು?”

ನಾವು ಮಾಡಿದ್ದು ಇದನ್ನೇ. ಇದಕ್ಕಾಗಿಯೇ ಮನೆ ಮನೆ ತಿರುಗಿ ಬೈಸಿಕೊಂಡದ್ದು.

“ಸರಿ, ಈ ಒಂದ್ಸಲ ವಾರದ ಮಟ್ಟಿಗೆ ಕರ್ಕೊಂಡು ಹೋಗ್ತೀನಿ,” ಎಂದೆ ಸೋತು.

ಅವರು ತಲೆ ಅಲ್ಲಾಡಿಸಿದರು. “ಬ್ಯಾಡಿ. ನೀವ್ ಹೇಳಿದ್ನ ನಾನೂ ಯೋಚ್ನೆ ಮಾಡ್ದೆ. ವರ್ಷಕ್ಕೆ ಐದು ಬೆಳೆ. ಪ್ರತಿ ಬೆಳೆಗೂ ಮಗೀನ ಎಳ್ಕೊಂಡೋಗಿ ಎಳ್ಕೊಂಡ್ ಬಂದ್ರೆ ಅದರ ಗತಿ ಏನು? ಹುಳ ಬುಡಕ್ಕೆ ನಮ್ ಕೈಲಾಗಲ್ಲ. ಪೂರ್ತಿ ಕರ್ಕೊಂಡೋಗ್ಬುಡಿ.” ಹುಳು ಮನೆಯ ಬಾಗಿಲ ಹಿಂದಿನಿಂದ ಸಾಕುತಾಯಿಯ ಅಳು ಕೇಳಿಸಿತು. ಹೊರಗೆ ಮಗುವಿನ ಅಳು. ಅವರ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ವೈದ್ಯೆ ಹೇಳಿದ್ದೂ ಸರಿ, ಅವರು ಹೇಳಿದ್ದೂ ಸರಿ. ಅಜ್ಜಿ ನನ್ನ ಮುಖ ನೋಡದೆ ಮಗುವಿನ ಬಟ್ಟೆ ಮಡಿಸತೊಡಗಿದರು.

ಸಮಿತಿಯ ಮುಂದೆ ಯಜಮಾನರು ಇದನ್ನೇ ಹೇಳಿದರು. ಆದೇಶ ರದ್ದಾಯಿತು. ಕರೆದುಕೊಂಡು ಬರಲು ಅದೇ ಜೀಪಿನಲ್ಲಿ, ಅದೇ ಡ್ರೈವರ್ ಜೊತೆ ಹೋದೆ. ಚೀಲ ಕಂಡ ಕೂಡಲೇ ಮಗುವಿಗೆ ತಿಳಿಯಿತು. ಸಾಕುತಾಯಿಯ ಸೀರೆಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡಿತು. “ಇನ್ಮೇಲೆ ಅಳಲ್ಲ ಅವ್ವಾ, ಬಾಗ್ಲು ಬಡಿಯಲ್ಲ ಅವ್ವಾ,” ಎಂದಿತು. ಬೆರಳು ಬಿಡಿಸಲು ಹೋದ ನನ್ನ ಕೈಯನ್ನು ಕಚ್ಚಿತು. ಸಾಕುತಾಯಿ ಗೋಡೆಗೆ ಒರಗಿ ನಿಂತಿದ್ದರು, ಕೈ ಎತ್ತಿ ಮಗುವನ್ನು ತಬ್ಬಲಿಲ್ಲ. ತಬ್ಬಿದರೆ ಬಿಡುವುದು ಅವರಿಂದ ಆಗುತ್ತಿರಲಿಲ್ಲ. ಜೀಪು ಹೊರಟ ಮೇಲೆ ಡ್ರೈವರ್ ಬೇಜಾರಿನಿಂದ ಹೇಳಿದ. “ಅವತ್ತು ಎಷ್ಟು ನಗ್ತಾ ನಗ್ತಾ ಇತ್ತು ಮಗು. ಇಲ್ಲಿ ಏನ್ ಮಾಡಿದ್ರೋ ಏನೋ ಮೇಡಂ, ಹಿಂಗಾಗೋಯ್ತು.” ಬಿಟ್ಟು ಹೋಗುವಾಗ ಅಳುವ ಮಗು. ನಾನು ಇಷ್ಟು ತಿಂಗಳು ಕಾದದ್ದು ಈ ಅಳುವಿಗೇ. ಅದನ್ನು ಅವನಿಗೆ ವಿವರಿಸುವ ಶಕ್ತಿ ನನ್ನಲ್ಲಿರಲಿಲ್ಲ, ನಾನೂ ಅಳುತ್ತಿದ್ದೆ.

ಮಕ್ಕಳ ಮನೆಯಲ್ಲಿ ಅವಳು ಯಾರನ್ನೂ ಅಮ್ಮ ಎನ್ನಲಿಲ್ಲ. ಊಟ ಹಾಕಿದರೆ ತಿಂದಳು, ಮಲಗು ಎಂದರೆ ಮಲಗಿದಳು. ತಲೆಯನ್ನು ಮಾತ್ರ ಯಾರಿಗೂ ಮುಟ್ಟಗೊಡಲಿಲ್ಲ. ಬಾಚಣಿಗೆ ಕಂಡರೆ ಮಂಚದ ಕೆಳಗೆ ಸೇರುತ್ತಿದ್ದಳು. ಕೂದಲು ಜಡೆಗಟ್ಟಿ ಹೇನಾಯಿತು. ಬೇರೆ ಮಕ್ಕಳಿಗೂ ಹತ್ತುತ್ತದೆ, ಕತ್ತರಿಸಿಬಿಡುತ್ತೇವೆ ಎಂದು ಅಲ್ಲಿಯವರು ನನಗೆ ಫೋನು ಮಾಡಿದರು. ಭಾನುವಾರದವರೆಗೆ ತಡೆಯಿರಿ ಎಂದು ಬೇಡಿಕೊಂಡು ಸಾಕುತಾಯಿಗೆ ಹೇಳಿ ಕಳಿಸಿದೆ.

ಭಾನುವಾರ ಮಧ್ಯಾಹ್ನ ಅವರು ಬಂದರು. ಯಜಮಾನರು ಊರಿನ ಬಸ್ ಸ್ಟಾಪಿನವರೆಗೆ ಬಂದು ಬಸ್ಸು ಹತ್ತಿಸಿ, ಕೈಗೆ ಒಂದು ಪೊಟ್ಟಣ ಬೆಲ್ಲ ಕೊಟ್ಟು ಹೋದರಂತೆ. ಗೇಟಿನ ಹತ್ತಿರವೇ ಸಾಕುತಾಯಿ ನನ್ನನ್ನು ನಿಲ್ಲಿಸಿ ಕೇಳಿದರು. “ನಾನೊಬ್ಳೇ ಒಪ್ಪಿಗೆ ಕೊಟ್ರೆ ಆಗಲ್ವಾ ಮೇಡಂ? ಅವ್ರು ಬ್ಯಾಡ ಅಂತ ಏನಿಲ್ಲ, ಎದರ್ಕಂಡವ್ರೆ ಅಷ್ಟೆ.” ಇಬ್ಬರೂ ಒಪ್ಪಬೇಕು ಎಂದೆ. ಅವರು ಸೆರಗು ಸರಿಮಾಡಿಕೊಂಡು ಒಳಗೆ ನಡೆದರು.

ಮಗು ಓಡಿ ಬರಲಿಲ್ಲ, ಅಳಲೂ ಇಲ್ಲ. ಸಾಕುತಾಯಿ ವರಾಂಡದ ಮೆಟ್ಟಿಲ ಮೇಲೆ ಕೂತು ಚೀಲದಿಂದ ಎಣ್ಣೆಯ ಶೀಶೆ, ಬಾಚಣಿಗೆ ತೆಗೆದು ಇಟ್ಟುಕೊಂಡರು. ಕರೆಯಲಿಲ್ಲ, ಸುಮ್ಮನೆ ಕಾದರು. ಬಹಳ ಹೊತ್ತಿನ ಮೇಲೆ ಮಗು ತಾನೇ ಬಂದು, ಅವರ ಮುಖ ನೋಡದೆ, ಬೆನ್ನು ಹಾಕಿ ಅವರ ಕಾಲ ಮಧ್ಯೆ ಕೂತಿತು. ಅವರು ಎಣ್ಣೆ ಸುರಿದು ಒಂದೊಂದೇ ಎಳೆ ಸಿಕ್ಕು ಬಿಡಿಸತೊಡಗಿದರು. ನೋಯುತ್ತಿತ್ತು, ನೋಡಿದರೇ ಗೊತ್ತಾಗುತ್ತಿತ್ತು. ಮಗು ಮೆತ್ತಗೆ ಎಂದು ಕೈ ತಳ್ಳುತ್ತದೇನೋ ಎಂದು ನಾನು ಕಾದೆ. ತಳ್ಳಲಿಲ್ಲ.

ಒಂದು ಜಡೆ ಮುಗಿದಿತ್ತು. ಅವಳು ತಿರುಗದೆ ಕೇಳಿದಳು.

“ನಿಮ್ ಡ್ಯೂಟಿ ಎಷ್ಟು ಗಂಟೆಗೆ ಮುಗಿಯುತ್ತೆ?”

ಬಾಚಣಿಗೆ ನಿಂತಿತು. ಸಾಕುತಾಯಿ ತಲೆ ಎತ್ತಿ ನನ್ನನ್ನು ನೋಡಿದರು. ದಿನಾ ಕೇಳಿದರೂ ದಿನಾ ಅದೇ ಉತ್ತರ ಕೊಡಿ ಎಂದು ಹೇಳಿಕೊಟ್ಟವಳು ನಾನು. ನಾನು ಬೇರೆ ಕಡೆ ನೋಡಿದೆ.

“ಐದೂವರೆ ಬಸ್ಸಿಗೆ ಓಗ್ಬೇಕು ಮಗಾ,” ಎಂದರು.

“ಸರಿ ಅಮ್ಮ,” ಎಂದಳು ಅವಳು, ಇನ್ನೊಂದು ಜಡೆ ಹಾಕಲು ಅನುಕೂಲವಾಗುವಂತೆ ತಲೆಯನ್ನು ಸ್ವಲ್ಪ ಹಿಂದಕ್ಕೆ ಕೊಟ್ಟಳು.